ಒಮಾನ್ ಕರಾವಳಿಯ ಪ್ರವಾಸ ಋತುಗಳು

ಒಮಾನ್ ಕರಾವಳಿಯ ಪ್ರವಾಸ ಋತುಗಳು : ಅರೇಬಿಯ ಪರ್ಯಾಯದ್ವೀಪದ ಆಗ್ನೇಯ ಅಂಚಿನಲ್ಲಿರುವ ಒಮಾನ್ ದೇಶದ ಮರುಭೂಮಿ ತೀರವನ್ನು ಸಂದರ್ಶಿಸಲು ತಕ್ಕ ಕಾಲಗಳನ್ನು ಬಿಸಿಲು, ಗಾಳಿ, ಆರ್ದ್ರತೆ, ಕಡಲಿನ ಸ್ಥಿತಿ ಮತ್ತು ಜೀವಿಗಳ ಋತುಚಕ್ರದ ಆಧಾರದ ಮೇಲೆ ಗುರುತಿಸುವ ವಿಂಗಡಣೆ. ಉತ್ತರದಲ್ಲಿ ಹೊರ್ಮುಜ್ ಜಲಸಂಧಿಯಿಂದ ದಕ್ಷಿಣದಲ್ಲಿ ಯೆಮೆನ್ ಗಡಿಯವರೆಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಬ್ಬಿರುವ ಈ ತೀರದ ಎಲ್ಲ ಭಾಗಗಳಲ್ಲೂ ಋತುಗಳು ಒಂದೇ ಬಗೆಯಾಗಿಲ್ಲ. ರಾಜಧಾನಿ ಮಸ್ಕತ್‌ನಲ್ಲಿ ಜುಲೈ ತಿಂಗಳು ವರ್ಷದ ಅತಿ ಕಷ್ಟದ ಕಾಲಗಳಲ್ಲಿ ಒಂದು. ಅದೇ ಜುಲೈನಲ್ಲಿ ಸುಮಾರು 1,000 ಕಿ.ಮೀ. ದಕ್ಷಿಣದ ಸಲಾಲಾದಲ್ಲಿ ಜಿನುಗುಮಳೆ, ಮಂಜು ಮತ್ತು ಹಸಿರು ಇರುತ್ತವೆ. ಆದ್ದರಿಂದ ಇಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ತೀರದ ಯಾವ ಭಾಗ ಎಂಬುದು, ತಿಂಗಳು ಆಮೇಲಿನದು.

ಪದಗಳು

ಈ ತೀರದ ಕಾಲಗಣನೆಯಲ್ಲಿ ಬಳಕೆಯಲ್ಲಿರುವ ಪದಗಳು ಅರಬ್ಬಿ ಮೂಲದವು. ಖರೀಫ್ ಎಂದರೆ ಸಾಮಾನ್ಯ ಅರಬ್ಬಿಯಲ್ಲಿ ಶರತ್ಕಾಲ. ಒಮಾನಿನ ದಕ್ಷಿಣದ ದೋಫಾರ್ ಪ್ರಾಂತದಲ್ಲಿ ಮಾತ್ರ ಅದು ನೈರುತ್ಯ ಮುಂಗಾರಿನ ಮಂಜುಗಾಲವನ್ನು ಸೂಚಿಸುತ್ತದೆ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಮೂರು ತಿಂಗಳನ್ನು ಖರೀಫ್ ಎಂದು ಲೆಕ್ಕಕ್ಕೆ ಹಿಡಿಯುವುದು ರೂಢಿ. ಅದರ ಹಿಂದೆಯೇ ಬರುವ, ಮಂಜು ಹರಿದು ಹಸಿರು ಉಳಿದಿರುವ ಕಾಲಕ್ಕೆ ಸರ್ಬ್ ಎಂದು ಹೆಸರು. ಶಿತಾ ಎಂದರೆ ಚಳಿಗಾಲ. ಕೈಝ್ ಎಂದರೆ ಕಡುಬೇಸಗೆ. ಉತ್ತರ ಒಮಾನಿನಲ್ಲಿ ಖರ್ಜೂರದ ಕೊಯ್ಲಿನ ಕಾಲಕ್ಕೂ ಇದೇ ಹೆಸರು. ಋತು ಎಂಬ ಅರ್ಥದ ಮೌಸಿಮ್ ಎಂಬ ಅರಬ್ಬಿ ಪದವು ಹಿಂದೂ ಮಹಾಸಾಗರದ ನಾವಿಕರ ಬಾಯಲ್ಲಿ ಹಡಗು ಬಿಡುವ ಕಾಲಕ್ಕೆ ಹೆಸರಾಯಿತು. ಯುರೋಪಿನ ಭಾಷೆಗಳ ಮಾನ್ಸೂನ್ ಎಂಬ ಪದ ಹುಟ್ಟಿದ್ದು ಇದರಿಂದಲೇ.

ಗಾಳಿಗಳಿಗೂ ಸ್ಥಳೀಯ ಹೆಸರುಗಳಿವೆ. ಶಮಾಲ್ ಉತ್ತರ ಮತ್ತು ವಾಯವ್ಯದಿಂದ ಬೀಸುವ ಗಾಳಿ. ಗರ್ಬಿ ಒಳನಾಡಿನ ಮರುಭೂಮಿಯಿಂದ ಉತ್ತರ ತೀರಕ್ಕೆ ಇಳಿದು ಬರುವ ಒಣ ಬಿಸಿಗಾಳಿ. ಬೆಲಾತ್ ಚಳಿಗಾಲದಲ್ಲಿ ದಕ್ಷಿಣ ತೀರದ ಮೇಲೆ ಮರಳುಗಾಡಿನ ಕಡೆಯಿಂದ ಧೂಳು ಹೊತ್ತು ಬೀಸುವ ಗಾಳಿ. ಮಳೆ ಬಂದಾಗ ಮಾತ್ರ ಹರಿಯುವ ಒಣಹೊಳೆಗೆ ವಾದಿ ಎಂದೂ ನೆಲದೊಳಕ್ಕೆ ಚಾಚಿಕೊಂಡ ಕಡಲಿನ ತೋಳಿಗೆ ಖೋರ್ ಎಂದೂ ಹೆಸರು.

ಋತುಗಳ ಮೂಲ

ಕರ್ಕಾಟಕ ಸಂಕ್ರಾಂತಿ ವೃತ್ತವು ಮಸ್ಕತ್‌ಗೆ ತುಸು ದಕ್ಷಿಣದಲ್ಲಿ ಹಾದುಹೋಗುತ್ತದೆ. ಹೀಗಾಗಿ ಜೂನ್ ಕೊನೆಯಲ್ಲಿ ನಡುಹಗಲ ಸೂರ್ಯ ಇಲ್ಲಿ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುತ್ತಾನೆ. ಮೋಡ ಅಪರೂಪ, ವರ್ಷಕ್ಕೆ ಸುಮಾರು 3,500 ಗಂಟೆ ಬಿಸಿಲು ಬೀಳುತ್ತದೆ. ಮಸ್ಕತ್‌ನ ವಾರ್ಷಿಕ ಮಳೆ ಸರಾಸರಿ 100 ಮಿ.ಮೀ. ಆಸುಪಾಸಿನಲ್ಲಿದೆ. ಅದರ ಬಹುಪಾಲು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳಿಂದ ಬೀಳುತ್ತದೆ.

ನೆತ್ತಿಯ ಸೂರ್ಯ ಇಡೀ ತೀರಕ್ಕೆ ಹೆಚ್ಚುಕಡಿಮೆ ಸಮಾನ. ಒಂದು ಭಾಗವನ್ನು ಇನ್ನೊಂದರಿಂದ ಬೇರೆ ಮಾಡುವುದು ಗಾಳಿ ಮತ್ತು ಕಡಲಿನ ನೀರು. ಜೂನ್ ತಿಂಗಳಲ್ಲಿ ಪೂರ್ವ ಆಫ್ರಿಕದ ತೀರವನ್ನು ಹಾದು, ಸೊಮಾಲಿಯದ ಬಳಿ ತಿರುಗಿ, ಅರಬ್ಬಿ ಸಮುದ್ರದ ಮೇಲೆ ಈಶಾನ್ಯಾಭಿಮುಖವಾಗಿ ಹಾಯುವ ಕೆಳಮಟ್ಟದ ಬಿರುಗಾಳಿಯನ್ನು ಹವಾಮಾನ ಶಾಸ್ತ್ರದಲ್ಲಿ ಸೊಮಾಲಿ ಜೆಟ್ ಎನ್ನುತ್ತಾರೆ. ಈ ಗಾಳಿ ದೋಫಾರ್ ತೀರಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಬೀಸುವುದರಿಂದ ಮೇಲ್ಪದರದ ನೀರು ತೀರದಿಂದ ಆಚೆಗೆ ಸರಿಯುತ್ತದೆ, ತಳದ ತಣ್ಣೀರು ಮೇಲಕ್ಕೆ ಉಕ್ಕುತ್ತದೆ. ಮೇ ತಿಂಗಳಲ್ಲಿ ಸುಮಾರು 29º ಸೆಂ. ಇರುವ ಕಡಲಿನ ಮೈ ಆಗಸ್ಟ್‌ನಲ್ಲಿ 24º ಸೆಂ.ಗೂ, ದಡದ ಸಮೀಪ ಕೆಲವೊಮ್ಮೆ ಇನ್ನೂ ಕೆಳಕ್ಕೂ ಇಳಿಯುತ್ತದೆ. ಈ ತಣ್ಣೀರಿನ ಮೇಲೆ ಹಾದು ಬಂದ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ.

ಆ ಮಂಜಿನ ಮೇಲ್ಗಡೆ ರುಬ್ ಅಲ್ ಖಾಲಿ ಮರುಭೂಮಿಯ ಒಣ ಬಿಸಿಗಾಳಿ ಮುಚ್ಚಳದಂತೆ ಕೂತಿರುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಎಂಬ ಈ ಉಷ್ಣಾಂಶದ ವಿಲೋಮದಿಂದ ಮೋಡ ಎತ್ತರಕ್ಕೆ ಬೆಳೆಯಲಾರದು. ಜಡಿಮಳೆಯ ಬದಲು ಜಿನುಗು ಬೀಳುವುದಕ್ಕೆ ಇದೇ ಕಾರಣ. ಅದೇ ಮುಂಗಾರು ಗಾಳಿ ಅರಬ್ಬಿ ಸಮುದ್ರದ ಬೆಚ್ಚಗಿನ ಭಾಗವನ್ನು ದಾಟಿ, ನೀರಾವಿ ತುಂಬಿಕೊಂಡು ಕರ್ನಾಟಕದ ಪಶ್ಚಿಮ ಘಟ್ಟಕ್ಕೆ ಬಡಿದಾಗ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ. ಒಂದೇ ಮುಂಗಾರಿನ ಎರಡು ದಡಗಳಲ್ಲಿ ಇಷ್ಟು ಅಂತರ ಉಂಟಾಗುವುದು ನಡುವಿನ ಕಡಲಿನ ಬಿಸುಪು ಮತ್ತು ಮೇಲಿನ ಗಾಳಿಪದರದ ಭೇದದಿಂದ.

ಉತ್ತರದ ಒಮಾನ್ ಕೊಲ್ಲಿಗೆ ಈ ತಂಪು ತಲುಪುವುದಿಲ್ಲ. ಅಲ್ಲಿ ಬೇಸಗೆಯಲ್ಲಿ ಕಡಲಿನ ಮೈ 30º ಸೆಂ. ದಾಟುತ್ತದೆ. ಗಾಳಿ ಕಡಲಿನಿಂದ ಬಂದರೆ ಉಸಿರುಗಟ್ಟಿಸುವ ಸೆಕೆ. ಒಳನಾಡಿನಿಂದ ಬಂದರೆ 45º ಸೆಂ.ಗೂ ಏರಬಲ್ಲ ಒಣ ಬಿಸಿ. ಮಸ್ಕತ್ ಊರನ್ನು ಸುತ್ತುವರಿದ ಕಪ್ಪು ಬಂಡೆಯ ಗುಡ್ಡಗಳು ಹಗಲಿಡೀ ಕಾದು ರಾತ್ರಿ ಆ ಶಾಖವನ್ನು ಹೊರಬಿಡುತ್ತವೆ. ಮಸ್ಕತ್‌ಗೆ ಆಗ್ನೇಯದಲ್ಲಿರುವ ಕುರಯ್ಯಾತ್ ಪಟ್ಟಣದಲ್ಲಿ 2018ರ ಜೂನ್ 26ರಂದು ಇಡೀ ದಿನದ ಕನಿಷ್ಠ ಉಷ್ಣಾಂಶವೇ 42.6º ಸೆಂ. ಇತ್ತು. ಒಂದು ದಿನದ ಕನಿಷ್ಠ ಉಷ್ಣಾಂಶ ಇಷ್ಟು ಎತ್ತರದಲ್ಲಿ ಉಳಿದದ್ದು ಜಾಗತಿಕ ದಾಖಲೆಯೆಂದು ವರದಿಯಾಯಿತು.

ಕರಾವಳಿಯ ವಿಭಾಗಗಳು

ಪ್ರವಾಸ ಋತುವಿನ ದೃಷ್ಟಿಯಿಂದ ಈ ತೀರವನ್ನು ನಾಲ್ಕು ಭಾಗ ಮಾಡಬಹುದು.

ಮುಸಂದಮ್ : ಹೊರ್ಮುಜ್ ಜಲಸಂಧಿಗೆ ಚಾಚಿಕೊಂಡ, ಒಮಾನಿನ ಉಳಿದ ಭಾಗದಿಂದ ಬೇರ್ಪಟ್ಟ ಬೆಟ್ಟದ ನಾಡು. ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವೆ ಕಡಲು ಒಳನುಗ್ಗಿ ಖೋರ್‌ಗಳಾಗಿವೆ. ಮುಖ್ಯ ಊರು ಖಸಬ್.

ಒಮಾನ್ ಕೊಲ್ಲಿಯ ತೀರ : ಖರ್ಜೂರದ ತೋಟಗಳ ಬಾತಿನಾ ಬಯಲು, ಮಸ್ಕತ್, ಕುರಯ್ಯಾತ್, ವಾದಿ ಶಾಬ್, ಹಡಗು ಕಟ್ಟುವ ಊರಾಗಿ ಹೆಸರಾದ ಸೂರ್, ಇವನ್ನು ಒಳಗೊಂಡು ರಾಸ್ ಅಲ್ ಹದ್ ಭೂಶಿರದವರೆಗಿನ ಭಾಗ. ಈ ಭೂಶಿರ ಅರೇಬಿಯದ ಪೂರ್ವ ಅಂಚಿನಲ್ಲಿದೆ. ಕೊಲ್ಲಿ ಮತ್ತು ಅರಬ್ಬಿ ಸಮುದ್ರ ಕೂಡುವುದು ಇಲ್ಲಿ.

ಅರಬ್ಬಿ ಸಮುದ್ರದ ನಡುತೀರ : ಅಶ್ಖರಾ, ಮಸೀರಾ ದ್ವೀಪ, ಬರ್ ಅಲ್ ಹಿಕ್ಮಾನ್ ಕೆಸರುಬಯಲು ಮತ್ತು ದುಕ್ಮ್ ಬಂದರು ಇರುವ, ಜನ ವಿರಳವಾದ ಬಟ್ಟಬಯಲು. ಬೇಸಗೆಯಲ್ಲಿ ಮುಂಗಾರಿನ ಗಾಳಿ ಇಲ್ಲಿಗೆ ತಾಗುತ್ತದೆ; ಮಂಜಿನ ಹಸಿರು ಮಾತ್ರ ಇಲ್ಲ.

ದೋಫಾರ್ : ಸಲಾಲಾ ಬಯಲು, ಅದರ ಬೆನ್ನಿಗೆ ಅರ್ಧಚಂದ್ರಾಕಾರವಾಗಿ ನಿಂತ ಸಮ್ಹಾನ್, ಕರಾ ಮತ್ತು ಕಮರ್ ಬೆಟ್ಟಸಾಲುಗಳು. ಖರೀಫ್ ಮಂಜು ತಟ್ಟುವುದು ಈ ಬೆಟ್ಟಗಳ ಕಡಲಿನತ್ತ ಮುಖ ಮಾಡಿದ ಇಳಿಜಾರಿಗೆ ಮಾತ್ರ. ಸಲಾಲಾದಿಂದ ಥುಮ್ರೈತ್ ಕಡೆಗೆ ಬೆಟ್ಟ ಹತ್ತುವ ರಸ್ತೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಆಗಸ್ಟ್‌ನಲ್ಲಿ ಕೆಳಗಿನಿಂದ ಹೊರಟ ವಾಹನ ದೀಪ ಹಚ್ಚಿಕೊಂಡು, ಗಾಜು ಒರೆಸಿಕೊಂಡು ಮಂಜಿನೊಳಗೆ ಏರುತ್ತದೆ. ಮೊಣಕಾಲೆತ್ತರದ ಹುಲ್ಲು, ಎಲೆ ತೊಟ್ಟಿಕ್ಕುವ ಮರಗಳು ಇಕ್ಕೆಲದಲ್ಲಿರುತ್ತವೆ. ನೆತ್ತಿ ದಾಟಿದ ಕೆಲವೇ ಕಿಲೋಮೀಟರುಗಳಲ್ಲಿ ಮಂಜು ಹರಿದು, ಹುಲ್ಲು ನಿಂತು, ಬೋಳು ಕಂದು ನೆಲ ಮತ್ತು ಉರಿಬಿಸಿಲು ಎದುರಾಗುತ್ತವೆ. ಲೋಬಾನದ ಮರವು (ಬಾಸ್ವೆಲಿಯ ಸಾಕ್ರ) ಉತ್ತಮವಾಗಿ ಬೆಳೆಯುವುದು ಈ ಗೆರೆಯಾಚೆಯ ನಜ್ದ್ ಎಂಬ ಒಣಪಟ್ಟಿಯಲ್ಲಿ.

ಋತುಗಳ ವಿಂಗಡಣೆ

ತಂಪು ಕಾಲ (ನವೆಂಬರ್–ಮಾರ್ಚ್) : ತೀರದ ಎಲ್ಲ ಭಾಗಗಳಿಗೂ ಒಟ್ಟಿಗೆ ಅನುಕೂಲವಾದ ಏಕೈಕ ಅವಧಿ. ಜನವರಿಯಲ್ಲಿ ಮಸ್ಕತ್‌ನ ಹಗಲಿನ ಉಷ್ಣಾಂಶ ಸುಮಾರು 25º ಸೆಂ., ರಾತ್ರಿಯದು 17–18º ಸೆಂ.; ಬೆಂಗಳೂರಿನ ಚಳಿಗಾಲಕ್ಕೆ ಹತ್ತಿರವಾದ ಹವೆ. ಫೆಬ್ರವರಿಯಲ್ಲಿ ಕಡಲಿನ ನೀರು 23º ಸೆಂ.ಗೆ ಇಳಿಯುವುದರಿಂದ ಈಜಲು ತುಸು ತಣ್ಣಗೆನಿಸುತ್ತದೆ. ಸಲಾಲಾ ಆಗ ಹೆಚ್ಚು ಬೆಚ್ಚಗೆ, ಹಗಲು 27–28º ಸೆಂ. ಇರುತ್ತದೆ, ಕಡಲು ಶಾಂತ, ಆಕಾಶ ನಿರ್ಮಲ. ಯುರೋಪಿನ ಚಳಿಯಿಂದ ತಪ್ಪಿಸಿಕೊಳ್ಳಲು ಬರುವವರು ಈ ತಿಂಗಳುಗಳಲ್ಲಿ ಸಲಾಲಾದ ಕಡಲತೀರಗಳನ್ನು ತುಂಬುತ್ತಾರೆ. ಈ ಕಾಲದ ಕೊರತೆಗಳು ಮೂರು : ಉತ್ತರದಲ್ಲಿ ಆಗೊಮ್ಮೆ ಈಗೊಮ್ಮೆ ಸುರಿಯುವ ಮಳೆ, ಮುಸಂದಮ್‌ನಲ್ಲಿ ದೋಣಿಗಳನ್ನು ದಡಕ್ಕೆ ಕಟ್ಟಿಸುವ ಶಮಾಲ್ ಗಾಳಿ, ದಕ್ಷಿಣದಲ್ಲಿ ಧೂಳು ಎಬ್ಬಿಸುವ ಬೆಲಾತ್. ಹಗಲು ಚಿಕ್ಕದು; ಡಿಸೆಂಬರ್‌ನಲ್ಲಿ ಮಸ್ಕತ್‌ನಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ.

ಸಂಧಿಕಾಲ (ಏಪ್ರಿಲ್ ಮತ್ತು ಅಕ್ಟೋಬರ್) : ಹಗಲು ಬಿಸಿ, ಬೆಳಗು ಮತ್ತು ಸಂಜೆ ಹಿತ. ಕಡಲು ಬೆಚ್ಚಗಿದ್ದು ಈಜಿಗೆ, ಮುಳುಗುವ ಆಟಗಳಿಗೆ ಒಪ್ಪುತ್ತದೆ. ಹೋಟೆಲ್ ದರಗಳು ನಡುಚಳಿಗಾಲಕ್ಕಿಂತ ಇಳಿದಿರುತ್ತವೆ.

ಕೈಝ್ (ಮೇ–ಸೆಪ್ಟೆಂಬರ್, ಉತ್ತರ ತೀರ) : ಜೂನ್‌ನಲ್ಲಿ ಮಸ್ಕತ್‌ನ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 40º ಸೆಂ. ಸಮೀಪ; ರಾತ್ರಿಯೂ 30º ಸೆಂ.ಗಿಂತ ಕೆಳಗಿಳಿಯುವುದು ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೂಲಿಕೆಲಸ ಮಾಡಿಸುವುದನ್ನು ಒಮಾನಿನ ಕಾರ್ಮಿಕ ನಿಯಮ ನಿಷೇಧಿಸುತ್ತದೆ. ದುಡಿಯುವವರನ್ನು ಕಾಯುವ ಈ ನಿಷೇಧ ಪ್ರವಾಸಿಗೂ ಹೊರಾಂಗಣದ ಸುರಕ್ಷತೆಯ ಅಳತೆಗೋಲು. ಖರ್ಜೂರ ಹಣ್ಣಾಗುವುದು ಈ ಕಾಲದಲ್ಲೇ. ಮಬ್ಸಲಿ ಎಂಬ ತಳಿಯ ಕಾಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕಿತ್ತು, ದೊಡ್ಡ ತಾಮ್ರದ ಕಡಾಯಿಗಳಲ್ಲಿ ಕುದಿಸಿ, ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಹೀಗೆ ಒಣಗಿದ ಖರ್ಜೂರ ಬಹುಕಾಲದಿಂದ ಭಾರತಕ್ಕೆ ಬರುತ್ತಿದೆ. ಕನ್ನಡನಾಡಿನ ಅಂಗಡಿಗಳಲ್ಲಿ ಉತ್ತುತ್ತೆ ಎಂದು ಮಾರಾಟವಾಗುವುದು ಇದೇ ಬಗೆಯ ಸರಕು.

ಗಾಳಿಗಾಲ (ಜೂನ್–ಸೆಪ್ಟೆಂಬರ್, ನಡುತೀರ) : ಒಳನಾಡು ಕಾದಿರುವಾಗ ಅಶ್ಖರಾ ಮತ್ತು ಮಸೀರಾ ತೀರಗಳು ಮುಂಗಾರಿನ ಗಾಳಿಯಿಂದ ತಂಪಾಗಿರುತ್ತವೆ. ಒಮಾನಿ ಕುಟುಂಬಗಳು ಬೇಸಗೆ ಕಳೆಯಲು ಅಶ್ಖರಾಗೆ ಬರುವುದು ಇದರಿಂದ. ಕಡಲು ಒರಟಾಗಿರುವುದರಿಂದ ಈಜು ಸಲ್ಲದು. ಗಾಳಿಪಟದ ಸೆಳೆತದಲ್ಲಿ ಹಲಗೆಯ ಮೇಲೆ ಜಾರುವ ಕೈಟ್ ಸರ್ಫಿಂಗ್ ಆಟಕ್ಕೆ ಮಸೀರಾ ಹೆಸರಾಗಿದೆ.

ಖರೀಫ್ (ಜೂನ್ 21–ಸೆಪ್ಟೆಂಬರ್ 21, ದೋಫಾರ್) : ಹಗಲಿನ ಉಷ್ಣಾಂಶ 25–28º ಸೆಂ. ಆಸುಪಾಸು. ಮೊದಲ ಎರಡು ಮೂರು ವಾರ ಮಂಜು ಇದ್ದರೂ ಹುಲ್ಲು ಇನ್ನೂ ಚಿಗುರಿರುವುದಿಲ್ಲ. ಜುಲೈ ಉತ್ತರಾರ್ಧದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹಸಿರು ತುಂಬಿರುತ್ತದೆ. ವಾದಿ ದರ್ಬಾತ್, ಐನ್ ಅಥುಮ್ ಮೊದಲಾದೆಡೆ ಮಳೆ ಸಾಕಷ್ಟಾದ ವರ್ಷಗಳಲ್ಲಿ ಜಲಪಾತಗಳು ಧುಮುಕುತ್ತವೆ. ಮುಗ್ಸೈಲ್ ತೀರದಲ್ಲಿ ಬಂಡೆಯ ಕೆಳಗೆ ನುಗ್ಗಿದ ಅಲೆಗಳು ಮೇಲಿನ ರಂಧ್ರಗಳಿಂದ ಬುಗ್ಗೆಯಾಗಿ ಚಿಮ್ಮುತ್ತವೆ. ಬಿಸಿಲು ಕಾಣದ ದಿನಗಳೇ ಹೆಚ್ಚು, ಕಡಲಿಗಿಳಿಯುವುದು ಅಪಾಯಕರ. ಬಿಸಿಲು ಮತ್ತು ಈಜು ಬಯಸುವವರಿಗೆ ಈ ಕಾಲ ಒಗ್ಗದು. ಕರ್ನಾಟಕದ ಕರಾವಳಿ ಅಥವಾ ಮಲೆನಾಡಿನಿಂದ ಹೋದವರಿಗೆ ಜಿನುಗು ಮಳೆ ಹೊಸದಲ್ಲ. ಇಲ್ಲಿಯ ವಿಶೇಷ, ಮರುಭೂಮಿಯ ನಡುವೆ ಅದರ ಇರವು.

ಸರ್ಬ್ (ಸೆಪ್ಟೆಂಬರ್ ಕೊನೆ–ಡಿಸೆಂಬರ್, ದೋಫಾರ್) : ಮಂಜು ಕರಗಿ ಆಕಾಶ ತಿಳಿಯಾಗುತ್ತದೆ. ಹುಲ್ಲು ಒಣಗಲು ಕೆಲವು ವಾರ ಬೇಕಾಗುವುದರಿಂದ ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ ನಡುವಿನವರೆಗೆ ಬಿಸಿಲು ಮತ್ತು ಹಸಿರು ಒಟ್ಟಿಗೆ ಸಿಗುತ್ತವೆ. ಜನಸಂದಣಿಯೂ ಇಳಿದಿರುತ್ತದೆ.

ಉದ್ದೇಶಕ್ಕೆ ತಕ್ಕ ಕಾಲ

ಈಜು ಮತ್ತು ಬಿಸಿಲು : ಮಸ್ಕತ್ ಮತ್ತು ಸೂರ್ ತೀರಕ್ಕೆ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್–ಏಪ್ರಿಲ್, ಸಲಾಲಾಕ್ಕೆ ನವೆಂಬರ್‌ನಿಂದ ಏಪ್ರಿಲ್.

ಚಾರಣ, ಕೋಟೆ ಮತ್ತು ಊರು ನೋಡುವುದು : ಎಲ್ಲ ಭಾಗಗಳಿಗೂ ಡಿಸೆಂಬರ್–ಫೆಬ್ರವರಿ. ಮುಸಂದಮ್‌ನ ಖೋರ್‌ಗಳಲ್ಲಿ ದೋಣಿಯಾನಕ್ಕೆ ಅಕ್ಟೋಬರ್‌ನಿಂದ ಏಪ್ರಿಲ್.

ಕಡಲಾಮೆ : ರಾಸ್ ಅಲ್ ಹದ್ ಬಳಿಯ ರಾಸ್ ಅಲ್ ಜಿನ್ಜ್ ತೀರದಲ್ಲಿ ಹಸಿರು ಕಡಲಾಮೆಗಳು ವರ್ಷವಿಡೀ ಮೊಟ್ಟೆಯಿಡುತ್ತವೆ, ಹೆಚ್ಚಿನ ಸಂಖ್ಯೆ ಮೇಯಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಮನುಷ್ಯರಿಗೆ ಅತಿ ಬಿಸಿಯಾದ ತಿಂಗಳುಗಳಲ್ಲಿ. ಈ ತೀರ 1996ರಿಂದ ಆಮೆಗಳ ರಕ್ಷಿತ ಪ್ರದೇಶ. ಕತ್ತಲಾದ ಮೇಲೆ ಆಮೆ ಅಲೆಗಳಿಂದ ಹೊರಬಂದು ಮರಳಿನ ಮೇಲೆ ಮೈಯೆಳೆದುಕೊಂಡು ಏರುತ್ತದೆ. ಮುಂಗಾಲುಗಳಿಂದ ಮೈ ಹಿಡಿಸುವಷ್ಟು ಹಳ್ಳ ತೋಡಿ, ಹಿಂಗಾಲುಗಳಿಂದ ಅದರೊಳಗೆ ಗುಳಿ ಮಾಡಿ, ನೂರರಷ್ಟು ಮೊಟ್ಟೆಗಳನ್ನು ಇಡುತ್ತದೆ. ಬಳಿಕ ಗುಳಿ ಮುಚ್ಚಿ, ಸುತ್ತ ಮರಳೆರಚಿ ಗುರುತು ಮರೆಸಿ, ಬೆಳಗಾಗುವುದರೊಳಗೆ ಕಡಲಿಗೆ ಮರಳುತ್ತದೆ. ಸುಮಾರು ಎರಡು ತಿಂಗಳ ಮೇಲೆ ಮರಿಗಳು ಹೊರಬರುತ್ತವೆ. ಮಾರ್ಗದರ್ಶಕರ ಜೊತೆಯಲ್ಲಿ, ಬೆಳಕು ಹಾಯಿಸದೆ ನೋಡುವುದು ಇಲ್ಲಿಯ ನಿಯಮ. ಮಸೀರಾ ದ್ವೀಪವು ಲಾಗರ್‌ಹೆಡ್ ಆಮೆಗಳ ಜಗತ್ತಿನ ಅತಿ ದೊಡ್ಡ ನೆಲೆಗಳಲ್ಲಿ ಒಂದು. ಅಲ್ಲಿ ಮೇ–ಜುಲೈ ಮುಖ್ಯ ಕಾಲ.

ಹಕ್ಕಿಗಳು : ಬರ್ ಅಲ್ ಹಿಕ್ಮಾನ್ ಕೆಸರುಬಯಲಿಗೆ ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಐದು ಲಕ್ಷದಷ್ಟು ಕಡಲಂಚಿನ ಹಕ್ಕಿಗಳು ವಲಸೆ ಬರುತ್ತವೆ. ಸಲಾಲಾ ಸುತ್ತಲಿನ ಖೋರ್‌ಗಳಲ್ಲಿ ರಾಜಹಂಸಗಳೂ ಕಾಣುತ್ತವೆ. ನವೆಂಬರ್–ಫೆಬ್ರವರಿ ತಕ್ಕ ಕಾಲ.

ಮುಳುಗಾಟ ಮತ್ತು ಕಡಲಜೀವಿ : ಮಸ್ಕತ್‌ನ ಪಶ್ಚಿಮಕ್ಕಿರುವ ದಯ್ಮಾನಿಯಾತ್ ದ್ವೀಪಗಳ ಹವಳದ ದಿಬ್ಬಗಳ ಬಳಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಿಮಿಂಗಿಲ ಶಾರ್ಕ್‌ಗಳು ಬರುವುದುಂಟು. ಹಕ್ಕಿ ಮತ್ತು ಆಮೆಗಳು ಮರಿ ಮಾಡುವ ಬೇಸಗೆ ತಿಂಗಳುಗಳಲ್ಲಿ ದ್ವೀಪದ ಮೇಲೆ ಇಳಿಯಲು ನಿರ್ಬಂಧವಿದೆ. ದೋಫಾರ್‌ನ ಹಲ್ಲಾನಿಯಾತ್ ದ್ವೀಪಗಳ ಸುತ್ತ ವಲಸೆ ಹೋಗದೆ ವರ್ಷವಿಡೀ ಅರಬ್ಬಿ ಸಮುದ್ರದಲ್ಲೇ ಉಳಿಯುವ ಹಂಪ್‌ಬ್ಯಾಕ್ ತಿಮಿಂಗಿಲಗಳಿವೆ. ಒಮಾನ್ ತೀರದಲ್ಲಿ ಅವುಗಳ ಸಂಖ್ಯೆ ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ.

ಮೀನು ಮತ್ತು ಲೋಬಾನ : ಕನ್ನಡ ಕರಾವಳಿಯಲ್ಲಿ ಅಂಜಲ್ ಎನ್ನುವ ಮೀನಿಗೆ ಇಲ್ಲಿ ಕನಅದ್ ಎಂದು ಹೆಸರು. ಮರಿ ಮಾಡುವ ಕಾಲವೆಂದು ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅದನ್ನು ಹಿಡಿಯುವುದು ನಿಷಿದ್ಧ. ಕರ್ನಾಟಕದಲ್ಲಿ ಜೂನ್–ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಇರುವ ರಜೆಯ ಹಿಂದೆಯೂ ಮೀನಿನ ಸಂತಾನವನ್ನು ಉಳಿಸುವ ಉದ್ದೇಶವಿದೆ. ಖರೀಫ್ ಮುಗಿದ ಮೇಲಿನ ತಿಂಗಳುಗಳಲ್ಲಿ ದೋಫಾರ್ ತೀರದ ಮರಳಿನ ಮೇಲೆ ಬೂತಾಯಿ ಮೀನುಗಳನ್ನು ಹಾಸಿ ಒಣಗಿಸುತ್ತಾರೆ. ಇದರ ಬಹುಪಾಲು ಒಂಟೆ ಮತ್ತು ದನಗಳಿಗೆ ಮೇವು. ಲೋಬಾನದ ಮರಕ್ಕೆ ಕಚ್ಚು ಹಾಕಿ ಅಂಟು ಇಳಿಸುವ ಕೆಲಸ ವಸಂತದಲ್ಲಿ, ಬಿಸಿಲು ಏರತೊಡಗಿದಾಗ ಆರಂಭವಾಗುತ್ತದೆ.

ಅಪಾಯಗಳು

ಚಂಡಮಾರುತಗಳು ಬರುವುದು ವರ್ಷದಲ್ಲಿ ಎರಡು ಅವಧಿಗಳಲ್ಲಿ : ಮುಂಗಾರಿಗೆ ಮುಂಚೆ ಮೇ–ಜೂನ್, ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್–ನವೆಂಬರ್. ಮುಂಗಾರು ಬಲವಾಗಿರುವಾಗ ಮೇಲಿನ ಮತ್ತು ಕೆಳಗಿನ ಗಾಳಿಗಳ ವೇಗ, ದಿಕ್ಕುಗಳಲ್ಲಿ ಬಹಳ ಅಂತರವಿರುವುದರಿಂದ ಸುಳಿ ಕಟ್ಟಲಾರದು. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಮಸ್ಕತ್ ಮತ್ತು ಸೂರ್ ತೀರಗಳಲ್ಲಿ ಭಾರಿ ನಾಶ ಮಾಡಿತು. 2010ರ ಜೂನ್‌ನಲ್ಲಿ ಫೆಟ್ ಮಸೀರಾ ಮತ್ತು ಪೂರ್ವ ತೀರವನ್ನು ಹೊಡೆಯಿತು. 2018ರ ಮೇ 25ರಂದು ಸಲಾಲಾದ ಪಕ್ಕದಲ್ಲಿ ನೆಲ ಮುಟ್ಟಿದ ಮೆಕುನು ಕೆಲವೇ ದಿನಗಳಲ್ಲಿ ಆ ಊರಿನ ಹಲವು ವರ್ಷಗಳ ಮಳೆಯನ್ನು ಸುರಿಸಿತು. 2021ರ ಅಕ್ಟೋಬರ್ 3ರಂದು ಶಾಹೀನ್, ಚಂಡಮಾರುತ ಬರುವುದು ಬಹು ಅಪರೂಪವಾದ ಬಾತಿನಾ ತೀರಕ್ಕೇ ಬಂದಿತು.

ವಾದಿಗಳಲ್ಲಿ ಹಠಾತ್ತನೆ ಏರುವ ನೆರೆ ಇನ್ನೊಂದು ಅಪಾಯ. ದೂರದ ಬೆಟ್ಟದಲ್ಲಿ ಬಿದ್ದ ಮಳೆಯ ನೀರು, ಮೋಡವೇ ಇಲ್ಲದ ಕೆಳಗಿನ ವಾದಿಗೆ ಕೆಲವೇ ನಿಮಿಷಗಳಲ್ಲಿ ನುಗ್ಗುತ್ತದೆ. 2024ರ ಏಪ್ರಿಲ್ ಮಧ್ಯದ ನೆರೆಯಲ್ಲಿ ಶಾಲಾಮಕ್ಕಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಮಳೆಯ ಮುನ್ಸೂಚನೆ ಇರುವಾಗ ವಾದಿಯಲ್ಲಿ ತಂಗುವುದು, ಹರಿಯುವ ವಾದಿಗೆ ವಾಹನ ಇಳಿಸುವುದು ಸಲ್ಲದು. ಖರೀಫ್ ಕಾಲದಲ್ಲಿ ಬೆಟ್ಟದ ರಸ್ತೆಗಳಲ್ಲಿ ಮಂಜಿನಿಂದ ಕೆಲವು ಮೀಟರುಗಳಾಚೆ ಏನೂ ಕಾಣದು. ಬೆಟ್ಟದ ಇಳಿಜಾರು ಜಾರುವುದರಿಂದ ಒಂಟೆಗಳನ್ನು ಬಯಲಿಗೆ ಇಳಿಸುತ್ತಾರೆ. ಅವು ರಸ್ತೆಗೆ ಅಡ್ಡ ಬರುವುದು ಅಪಘಾತಗಳಿಗೆ ಕಾರಣವಾಗುತ್ತದೆ.

ಪಂಚಾಂಗ ಮತ್ತು ಜನಜೀವನ

ಇಸ್ಲಾಮೀ ಪಂಚಾಂಗ ಚಾಂದ್ರಮಾನದ್ದಾದ್ದರಿಂದ ರಂಜಾನ್ ತಿಂಗಳು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್ ಮೊದಲಿಗೆ ಆರಂಭವಾಯಿತು. ಮುಂದಿನ ಕೆಲವು ವರ್ಷ ತಂಪು ಕಾಲದೊಳಗೇ ಬೀಳುತ್ತದೆ. ಆ ತಿಂಗಳಲ್ಲಿ ಹಗಲು ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ಹೋಟೆಲುಗಳ ಊಟದ ಹೊತ್ತು, ಕಚೇರಿಗಳ ವೇಳೆ ಬದಲಾಗುತ್ತವೆ. ಸಂಜೆಯ ಮೇಲೆ ಪೇಟೆಗಳು ತಡರಾತ್ರಿಯವರೆಗೆ ತೆರೆದಿರುತ್ತವೆ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಕೊಲ್ಲಿ ದೇಶಗಳ ಶಾಲಾರಜೆ ಖರೀಫ್ ಜೊತೆಗೇ ಬರುವುದರಿಂದ ಜುಲೈ–ಆಗಸ್ಟ್‌ಗಳಲ್ಲಿ ಸಲಾಲಾದ ಕೋಣೆಗಳ ದರ ವರ್ಷದ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಅದೇ ತಿಂಗಳುಗಳಲ್ಲಿ ಮಸ್ಕತ್‌ನ ಹೋಟೆಲುಗಳು ಅಗ್ಗ.

ಇತಿಹಾಸ

ಈ ತೀರಕ್ಕೆ ಬರಲು ತಕ್ಕ ಕಾಲ ಯಾವುದೆಂಬ ಲೆಕ್ಕಾಚಾರ ಪ್ರವಾಸೋದ್ಯಮಕ್ಕಿಂತ ಬಹಳ ಹಳೆಯದು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಕೃತಿಯಾದ ಪೆರಿಪ್ಲಸ್, ಭಾರತದಿಂದ ಬಂದು ಹೊತ್ತು ಮೀರಿದ ಹಡಗುಗಳು ಮೋಸ್ಕಾ ಬಂದರಿನಲ್ಲಿ ಚಳಿಗಾಲ ಕಳೆದು, ಬಟ್ಟೆ, ಗೋದಿ, ಎಳ್ಳೆಣ್ಣೆ ಕೊಟ್ಟು ಲೋಬಾನ ಒಯ್ಯುತ್ತಿದ್ದುದನ್ನು ತಿಳಿಸುತ್ತದೆ. ಮೋಸ್ಕಾವನ್ನು ಸಲಾಲಾದ ಪೂರ್ವಕ್ಕಿರುವ ಖೋರ್ ರೋರಿಯ ಸುಮ್ಹುರಮ್ ನಿವೇಶನದೊಂದಿಗೆ ವಿದ್ವಾಂಸರು ಗುರುತಿಸುತ್ತಾರೆ. 14ನೆಯ ಶತಮಾನದಲ್ಲಿ ದೋಫಾರ್‌ಗೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿಯ ತೆಂಗು ಮತ್ತು ವೀಳ್ಯದೆಲೆಗಳನ್ನು, ಭಾರತದಿಂದ ಬರುತ್ತಿದ್ದ ಅಕ್ಕಿಯನ್ನು ವಿವರಿಸಿದ್ದಾನೆ. ಸಲಾಲಾದ ತೆಂಗು ಬಾಳೆಯ ತೋಟಗಳು ಇಂದಿಗೂ ಇವೆ. 15ನೆಯ ಶತಮಾನದ ನಾವಿಕ ಅಹ್ಮದ್ ಇಬ್ನ್ ಮಾಜಿದ್ ತನ್ನ ಗ್ರಂಥದಲ್ಲಿ ಯಾವ ಬಂದರಿನಿಂದ ಯಾವ ಬಂದರಿಗೆ ಯಾವ ದಿನಗಳಲ್ಲಿ ಹೊರಡಬೇಕೆಂಬುದನ್ನು ಲೆಕ್ಕ ಹಾಕಿ ಕೊಟ್ಟಿದ್ದಾನೆ. ಮುಂಗಾರಿನ ನಡುವಿನ ದಿನಗಳಲ್ಲಿ ಕಡಲು ಮುಚ್ಚಿದೆ ಎನ್ನುವುದು ನಾವಿಕರ ರೂಢಿಯಾಗಿತ್ತು.

ಕಾಲ ತಪ್ಪಿದರೆ ಆಗುವ ಕಷ್ಟಕ್ಕೆ ಹಳೆಯ ದಾಖಲೆಯೊಂದು ವಿಜಯನಗರದ ಇತಿಹಾಸದಲ್ಲೇ ಇದೆ. ತೈಮೂರ್ ವಂಶದ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಭಾರತಕ್ಕೆ ಹೊರಟಾಗ ಹೊರ್ಮುಜ್‌ನಲ್ಲಿ ತಡವಾಗಿ, ಕಡಲು ಮುಚ್ಚುವ ಕಾಲಕ್ಕೆ ಮಸ್ಕತ್ ತೀರದಲ್ಲಿ ಸಿಕ್ಕಿಬಿದ್ದ. ಅಲ್ಲಿಯ ಬೇಸಗೆಯನ್ನು ಅವನು ಎಲುಬಿನ ಮಜ್ಜೆಯನ್ನೂ ಒರೆಯೊಳಗಿನ ಕತ್ತಿಯನ್ನೂ ಕರಗಿಸುವ ಬಿಸಿಯೆಂಬಂತೆ ವರ್ಣಿಸಿದ್ದಾನೆ. ತಾನೂ ಕಾಯಿಲೆ ಬಿದ್ದ. ಜೊತೆಗಿದ್ದ ಅಣ್ಣ ಈ ತೀರದಲ್ಲೇ ತೀರಿಕೊಂಡ. ಗಾಳಿ ಅನುಕೂಲವಾದ ಮೇಲೆ ಕಲ್ಲಿಕೋಟೆಗೆ ಹಡಗು ಹತ್ತಿ, ಅಲ್ಲಿಂದ ಮಂಗಳೂರಿನ ದಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನ ಸೇರಿದ. ಸೂರ್ ಬಳಿಯ ಕಲ್ಹಾತ್ ಬಂದರಿನಿಂದ ಭಾರತಕ್ಕೆ ಕುದುರೆಗಳು ಸಾಗುತ್ತಿದ್ದುದೂ, 18ನೆಯ ಶತಮಾನದ ಕೊನೆಯಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿದ್ದುದೂ, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದುದೂ ಇದೇ ಗಾಳಿಗಳ ಪಂಚಾಂಗಕ್ಕೆ ಹೊಂದಿಕೊಂಡೇ ನಡೆದವು.

ಇಂದಿನ ಸ್ಥಿತಿ

1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದ ಬಳಿಕ ರಸ್ತೆ, ವಿಮಾನ ನಿಲ್ದಾಣಗಳು ಬೆಳೆದು, 1980ರ ದಶಕದ ಕೊನೆಯಿಂದ ಪ್ರವಾಸಿಗರಿಗೆ ದೇಶ ತೆರೆದುಕೊಂಡಿತು. ವಾದಿ ದೌಕಾ, ಶಿಸ್ರ್, ಖೋರ್ ರೋರಿ ಮತ್ತು ಅಲ್ ಬಲೀದ್ ನಿವೇಶನಗಳು ಲೋಬಾನದ ನಾಡು ಎಂಬ ಹೆಸರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ (2000). ಕಲ್ಹಾತ್ 2018ರಲ್ಲಿ ಸೇರಿತು. ಖರೀಫ್ ಸಂದರ್ಶಕರ ಸಂಖ್ಯೆ 2024ರಲ್ಲಿ ಹತ್ತು ಲಕ್ಷ ದಾಟಿತು. ಅವರಲ್ಲಿ ಹೆಚ್ಚಿನವರು ಒಮಾನಿಗಳು ಮತ್ತು ನೆರೆಯ ಕೊಲ್ಲಿ ದೇಶದವರು. ಒಮಾನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಕುಟುಂಬಗಳಿಗೂ ಸಲಾಲಾ ಬೇಸಗೆಯ ರಜೆಯ ತಾಣಗಳಲ್ಲಿ ಒಂದು.

ಈ ಬೆಳವಣಿಗೆಯ ಭಾರ ಬೀಳುತ್ತಿರುವುದು ಮಂಜು ತಟ್ಟುವ ಕಿರಿದಾದ ಬೆಟ್ಟಪಟ್ಟಿಯ ಮೇಲೆ. ಅಲ್ಲಿಯ ಕಾಡಿನ ಮುಖ್ಯ ಮರ ಆ ನಾಡಿನದೇ ಆದ ಅನೊಜೀಸಸ್ ದೋಫಾರಿಕ. ಜಿನುಗಾಗಿ ನೇರವಾಗಿ ನೆಲಕ್ಕೆ ಬೀಳುವ ನೀರು ಸ್ವಲ್ಪ; ಎಲೆ ಕೊಂಬೆಗಳು ಮಂಜನ್ನು ತಡೆದು ಹನಿಯಾಗಿಸಿ ಬೇರಿಗೆ ಇಳಿಸುವ ನೀರು ಅದಕ್ಕೆ ಸೇರಿ ಕಾಡು ಬದುಕಿದೆ, ಬೆಟ್ಟದ ಬುಡದ ಒರತೆಗಳೂ ತುಂಬುತ್ತವೆ. ಒಂಟೆ ದನಗಳ ಸಂಖ್ಯೆ ಹೆಚ್ಚಿ ಮೇವು ಬರಿದಾಗುವುದರಿಂದ, ಹುಲ್ಲಿನ ಮೇಲೆ ವಾಹನ ಓಡುವುದರಿಂದ ಎಳೆಯ ಸಸಿಗಳು ಉಳಿಯುತ್ತಿಲ್ಲ. ಬೇಲಿ ಹಾಕಿ ಸಸಿ ಬೆಳೆಸುವ ಮತ್ತು ಮಂಜನ್ನು ಬಲೆಗಳಲ್ಲಿ ಹಿಡಿದು ನೀರಾಗಿಸುವ ಪ್ರಯತ್ನಗಳು ನಡೆದಿವೆ. ಖರೀಫ್ ಗಾಳಿ ಕಡಲಿನಿಂದ ಬರುತ್ತದೆ. ಅದರ ಹಸಿರು ನಿಂತಿರುವುದು ಮರಗಳ ಮೇಲೆ. ಮರ ಹೋದ ಇಳಿಜಾರಿಗೂ ಮಂಜು ಬರುತ್ತದೆ, ಆದರೆ ಬಹುಪಾಲು ನೆಲಕ್ಕಿಳಿಯದೆ ಹಾದುಹೋಗುತ್ತದೆ.